ಒಂದು ಪಂಪಿಗೆ ಎಂಬತ್ತು ಲೀಟರ್ ಬಣ್ಣ

ಪ್ರೊಡಕ್ಷನ್ ಪ್ಲಾನಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಸಿಕ್ಕರೆ ನಾನು ಸಂಬಳ ಕೇಳುವುದಿಲ್ಲ, ಯಾವ ಸಾಫ್ಟ್‌ವೇರ್ ಅಂತಲೂ ಕೇಳುವುದಿಲ್ಲ. "ನಿಮ್ಮ ಕುರ್ಚಿಯಿಂದ ಶಾಪ್ ಫ್ಲೋರಿಗೆ, ಯಂತ್ರಗಳು ಓಡುವ ಜಾಗಕ್ಕೆ, ಎಷ್ಟು ಹೆಜ್ಜೆ?" ಎಂದು ಕೇಳುತ್ತೇನೆ. ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಕೆಲವರು, "ಇನ್ನೂ ಆ ಕಡೆ ಹೋಗಿಲ್ಲ ಆಂಟಿ" ಅನ್ನುತ್ತಾರೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿರುತ್ತದೆ. ಇದನ್ನು ಅಂಥವರಿಗಾಗಿ ಬರೆಯುತ್ತಿದ್ದೇನೆ. ಬುದ್ಧಿ ಹೇಳುವ ಯೋಗ್ಯತೆ ನನಗಿದೆ ಎಂದಲ್ಲ. ಈ ಕೆಲಸದಲ್ಲಿ ಮಾಡಬಹುದಾದ ತಪ್ಪುಗಳಲ್ಲಿ ದೊಡ್ಡದೊಂದನ್ನು ನಾನೇ ನನ್ನ ಕೈಯಾರೆ ಮಾಡಿದ್ದೇನೆ, ಅದಕ್ಕೆ.

ನನ್ನ ಹೆಸರು ಗಿರಿಜಾ. ಮನೆ ಶಿವಮೊಗ್ಗದ ಕೋಟೆಯಲ್ಲಿ. ಕೆಲಸ ಭದ್ರಾವತಿಗೆ ಹೋಗುವ ದಾರಿಯಲ್ಲಿದ್ದ ಒಂದು ಎರಕದ ಕಾರ್ಖಾನೆಯಲ್ಲಿ. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು, ನೀರಿನ ಪಂಪುಗಳ ಹೊರಕವಚ ತಯಾರಿಸುತ್ತಿದ್ದೆವು. ಅದಕ್ಕೆ ನಾವು ಹೌಸಿಂಗ್ ಅನ್ನುತ್ತಿದ್ದೆವು. ತೊಂಬತ್ತರ ದಶಕದ ಶುರುವಿನಲ್ಲಿ ಟೈಪಿಸ್ಟ್ ಎಂದು ಸೇರಿಸಿಕೊಂಡು, ಆರು ತಿಂಗಳಿಗೆ ಪ್ಲಾನಿಂಗ್‌ಗೆ ತಳ್ಳಿದರು. ನನ್ನ ಅಕ್ಷರ ಚೆನ್ನಾಗಿತ್ತು ಎನ್ನುವುದೇ ಅದಕ್ಕೆ ಕಾರಣ. ಆಗ ಪ್ಲಾನಿಂಗ್ ಅಂದರೆ ಮುಖ್ಯವಾಗಿ ಅಕ್ಷರವೇ ಆಗಿತ್ತು.

ನಮ್ಮ ವರ್ಕ್ಸ್ ಮ್ಯಾನೇಜರ್ ನಾಗರಾಜ ರಾವ್ ಅವರ ಕೋಣೆಯಲ್ಲಿ ಗೋಡೆ ತುಂಬ ಒಂದು ಬೋರ್ಡ್ ಇತ್ತು. ಒಂದೊಂದು ಆರ್ಡರಿಗೆ ಒಂದೊಂದು ಕಾರ್ಡು. ಸೋಮವಾರ ಬೆಳಿಗ್ಗೆ ನಾನು ಆ ಕಾರ್ಡುಗಳನ್ನೆಲ್ಲ ದುಂಡಗೆ ಬರೆದು ಸಿಕ್ಕಿಸಬೇಕು. ಯಾವ ದಿನ ಅಚ್ಚು, ಯಾವ ದಿನ ಎರಕ, ಯಾವ ದಿನ ಅದನ್ನು ಯಂತ್ರದಲ್ಲಿ ಕೊರೆದು ನಯಮಾಡುವ ಮೆಶೀನಿಂಗ್, ಎಲ್ಲವೂ ಅಲ್ಲಿರುತ್ತಿತ್ತು. ಬಂದ ಅತಿಥಿಗಳಿಗೆಲ್ಲ ರಾವ್ ಅವರು ಆ ಬೋರ್ಡನ್ನು ತೋರಿಸುತ್ತಿದ್ದರು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಬರೆದ ಒಂದು ಮಾತೂ ನಿಜವಾಗಿ ಉಳಿಯುತ್ತಿರಲಿಲ್ಲ ಎನ್ನುವುದು ಅತಿಥಿಗಳಿಗೆ ಗೊತ್ತಾಗುತ್ತಿರಲಿಲ್ಲ.

ನಿಜವಾದ ಪ್ಲಾನು ಇದ್ದದ್ದು ಎರಕ ಹೊಯ್ಯುವ ಫೌಂಡ್ರಿಯ ಫೋರ್‌ಮನ್ ಮುರುಗೇಶಣ್ಣನ ಅಂಗಿಯ ಜೇಬಿನಲ್ಲಿ. ಮುರುಗೇಶಣ್ಣ ಭದ್ರಾವತಿ ನ್ಯೂಟೌನಿನವರು. ಮನೆಯಲ್ಲಿ ತಮಿಳು, ಶಾಪಿನಲ್ಲಿ ಎಲ್ಲ ಭಾಷೆ. ಅವರ ಜೇಬಿನಲ್ಲೊಂದು ಅಂಗೈಯಗಲದ ನೋಟ್‌ಬುಕ್ ಇರುತ್ತಿತ್ತು. ಬೆವರು, ಮರಳು, ಗ್ರೀಸು ಎಲ್ಲ ಹತ್ತಿ ಅದರ ಹಾಳೆಗಳು ಚರ್ಮದ ಹಾಗಾಗಿದ್ದವು. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಅಣ್ಣಾ, ನಾನು ಕಾರ್ಡಲ್ಲಿ ಬರೆದಿದ್ದನ್ನ ನೀವು ಒಂದು ಸಲಾನಾದ್ರೂ ಓದಿದೀರಾ?"

"ಓದ್ತೀನಮ್ಮಾ," ಅಂದರು ಬೇಜಾರು ಮಾಡಿಕೊಳ್ಳದೆ. "ನಿಮ್ಮ ಅಕ್ಷರ ಬಹಳ ಚೆನ್ನಾಗೈತೆ."

ಆ ಕಾಲದಲ್ಲಿ ನಮ್ಮ ದೊಡ್ಡ ಆಯುಧವೆಂದರೆ ಕೆಂಪು ಚೀಟಿ. ಯಾವುದಾದರೂ ಗಿರಾಕಿ ಫೋನಿನಲ್ಲಿ ಕೂಗಾಡಿದರೆ ಅವನ ಮಾಲಿಗೆ ಕೆಂಪು ಚೀಟಿ ಅಂಟಿಸುವುದು. ಅರ್ಜೆಂಟ್ ಎಂದು ಅರ್ಥ. ಎಲ್ಲ ಗಿರಾಕಿಗಳೂ ಕೂಗಾಡಲು ಕಲಿತರು. ಎಲ್ಲದಕ್ಕೂ ಚೀಟಿ ಬಿತ್ತು. ರಾವ್ ಅವರು ಯೋಚನೆ ಮಾಡಿ, ನಿಜವಾದ ಅರ್ಜೆಂಟಿಗೆ ಎರಡು ಚೀಟಿ ಅಂಟಿಸಬೇಕೆಂದು ಸುತ್ತೋಲೆ ಹೊರಡಿಸಿದರು. ವರ್ಷದ ಕೊನೆಗೆ ಮೂರು ಚೀಟಿಯ ಹೌಸಿಂಗುಗಳೂ ಓಡಾಡುತ್ತಿದ್ದವು. ಚೀಟಿಯೇ ಇಲ್ಲದ ಒಂದು ಹೌಸಿಂಗ್ ಕಂಡರೆ ಮೆಶೀನ್ ಶಾಪಿನವರು, ಇದೇನೋ ವಿಶೇಷ ಇರಬೇಕು ಅಂತ ಅದನ್ನೇ ಮೊದಲು ಮಾಡಿ ಮುಗಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಇಆರ್‌ಪಿ ಬಂತು. ಆರ್ಡರು, ಸ್ಟೋರು, ಖರೀದಿ, ತಯಾರಿಕೆ ಎಲ್ಲವೂ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಸೇರಿಕೊಂಡು, ಯಾವಾಗ ಏನು ಮಾಡಬೇಕು, ಏನು ತರಿಸಬೇಕು ಎಂದು ಅದೇ ಹೇಳುತ್ತದಂತೆ. ಬೋರ್ಡನ್ನು ಗೋಡೆಯಿಂದ ಇಳಿಸಿದರು. ಬೆಂಗಳೂರಿನಿಂದ ವಿಕ್ರಮ್ ಎಂಬ ಕನ್ಸಲ್ಟೆಂಟ್ ಬಂದ. ತಿಳಿದವನೇ, ಒಳ್ಳೆಯವನೇ. ಕಬ್ಬಿಣ ಕರಗುವುದನ್ನು ಮಾತ್ರ ಕಂಡಿರಲಿಲ್ಲ. ಸವಳಂಗ ರಸ್ತೆಯ ಒಂದು ಹೋಟೆಲಿನ ಹಾಲಿನಲ್ಲಿ ನಮಗೆ ಐದು ದಿನ ತರಬೇತಿ ಆಯಿತು. ನಾಲ್ಕನೆಯ ದಿನದವರೆಗೆ ನೆನಪಿರುವುದು ಅಲ್ಲಿನ ಕೇಸರಿಬಾತು ಮಾತ್ರ.

ವಿಷಯ ತಲೆಗೆ ಹೊಕ್ಕಿದ್ದು ಐದನೆಯ ದಿನ. ಅಷ್ಟೇನೂ ಕಷ್ಟದ್ದಲ್ಲ. ನೂರು ಜನಕ್ಕೆ ಉಪ್ಪಿಟ್ಟು ಮಾಡುವವರು ಏನು ಮಾಡುತ್ತಾರೆ? ಒಬ್ಬರಿಗೆ ಎಷ್ಟು ರವೆ, ಎಷ್ಟು ಎಣ್ಣೆ ಎಂದು ನೋಡುತ್ತಾರೆ. ಮನೆಯಲ್ಲಿ ಎಷ್ಟಿದೆ ಎಂದು ಡಬ್ಬಿ ತೆಗೆಯುತ್ತಾರೆ. ಕಡಿಮೆ ಬಿದ್ದದ್ದನ್ನು ತರಿಸುತ್ತಾರೆ. ತಿನ್ನುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಒಲೆ ಹಚ್ಚುತ್ತಾರೆ. ಸಿಸ್ಟಮ್ ಮಾಡುವುದೂ ಇಷ್ಟೇ. ಒಂದು ಹೌಸಿಂಗಿಗೆ ಏನೇನು ಬೇಕು ಎಂಬ ಪಟ್ಟಿಗೆ ಅಲ್ಲಿ ಬಿಲ್ ಆಫ್ ಮೆಟೀರಿಯಲ್ ಎಂದು ಹೆಸರು, ಎಷ್ಟು ದಿನ ಬೇಕು ಎಂಬುದಕ್ಕೆ ಲೀಡ್ ಟೈಮ್ ಎಂದು ಹೆಸರು. ಡಬ್ಬಿಯಲ್ಲಿ ಇರುವುದನ್ನು ಸರಿಯಾಗಿ ಹೇಳಿದರೆ ಅದು ಸರಿಯಾಗಿ ಲೆಕ್ಕ ಹಾಕುತ್ತದೆ. ಸುಳ್ಳು ಹೇಳಿದರೆ ಆ ಸುಳ್ಳನ್ನೂ ಅಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕುತ್ತದೆ.

ಮೊದಲ ಸುಳ್ಳು ಮೊದಲ ಮೀಟಿಂಗಿನಲ್ಲೇ ಆಯಿತು. ಒಂದೊಂದು ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ವಿಕ್ರಮ್ ಎಲ್ಲ ವಿಭಾಗದವರನ್ನೂ ಕೇಳಿದ. ಮುರುಗೇಶಣ್ಣ "ಅಚ್ಚು ಹಾಕೋಕೆ ಎರಡು ದಿನ" ಅನ್ನುತ್ತಿದ್ದ ಹಾಗೆ ರಾವ್ ಅವರು ಟೇಬಲಿನ ಕೆಳಗೆ ಅವರ ಮೊಣಕಾಲು ಒತ್ತಿದರು.

"ಆರು ಅನ್ರಿ. ನಾಳೆ ತಡವಾದ್ರೆ ಈ ಕಂಪ್ಯೂಟರ್ ನಿಮ್ಮ ಹೆಸರೇ ಹೇಳುತ್ತೆ."

ಅಷ್ಟು ಸಾಕಾಯಿತು. ಮೆಶೀನಿಂಗಿನವರು ಮೂರನ್ನು ಹತ್ತು ಮಾಡಿದರು. ಇನ್‌ಸ್ಪೆಕ್ಷನ್ನಿನವರು, ಯಾಕೆ ಬೇಕು ರಗಳೆ ಎಂದು ಒಂದು ವಾರ ಹೇಳಿದರು. ಹನ್ನೆರಡು ದಿನದಲ್ಲಿ ನಾವು ಮಾಡಿ ಕಳಿಸುತ್ತಿದ್ದ ಹೌಸಿಂಗಿಗೆ ಸಿಸ್ಟಮಿನಲ್ಲಿ ಅರವತ್ತಮೂರು ದಿನ ಕೂತಿತು. ಪರೀಕ್ಷೆಗೆಂದು ಓಡಿಸಿದಾಗ ಪರದೆಯೆಲ್ಲ ಕೆಂಪು ಕೆಂಪು. ಮುಂದಿನ ತಿಂಗಳು ಕಳಿಸಬೇಕಾದ ಮಾಲಿನ ಕೆಲಸ ಹಿಂದಿನ ತಿಂಗಳೇ ಶುರುವಾಗಬೇಕಿತ್ತು ಎಂದು ಅದು ಹೇಳುತ್ತಿತ್ತು.

"ಸಿಸ್ಟಮ್ ಕರೆಕ್ಟಾಗೇ ಇದೆ," ಅಂದ ವಿಕ್ರಮ್. "ನೀವು ಅದಕ್ಕೆ ಹೊಂದಿಕೊಳ್ಬೇಕು."

ಮುರುಗೇಶಣ್ಣ ಪರದೆಯ ಹತ್ತಿರ ಮುಖ ಹಿಡಿದು ನೋಡಿ, ಬಹಳ ವಿನಯದಿಂದ ಕೇಳಿದರು: "ಸಾರ್, ನಾನು ಹೋದ ತಿಂಗಳಿಗೆ ಹೋಗಿ ಮೋಲ್ಡ್ ಹಾಕ್ಬಿಟ್ಟು ಬರ್ಲಾ? ಬಸ್ ಎಷ್ಟೊತ್ತಿಗೆ?"

ಆಯುಧಪೂಜೆಯ ದಿನವೇ ಸಿಸ್ಟಮ್ ಚಾಲೂ ಆಗಬೇಕೆಂದು ರಾವ್ ಅವರು ಎಂಡಿಗೆ ಮಾತು ಕೊಟ್ಟಿದ್ದರು. ಹೀಗಾಗಿ ಮುನ್ನೂರು ಚಿಲ್ಲರೆ ಮಾಲುಗಳ ಪಟ್ಟಿಯನ್ನು ಒಂಬತ್ತು ದಿನದಲ್ಲಿ ತುಂಬುವ ಕೆಲಸ ನನ್ನ ತಲೆಗೆ ಬಂತು. ಜೊತೆಗೆ ಇನ್ನೊಂದು ಸುತ್ತೋಲೆ ಹೊರಟಿತು. ಅದರ ಒಂದು ಸಾಲು ನನಗೆ ಇವತ್ತಿಗೂ ಬಾಯಿಪಾಠ: ಸಿಸ್ಟಮ್ ನೀಡುವ ಆದೇಶವನ್ನು ಯಾವ ವಿಭಾಗದವರೂ ಪ್ರಶ್ನಿಸತಕ್ಕದ್ದಲ್ಲ. ಕೆಳಗೆ ರಾವ್ ಅವರ ಅಗಲವಾದ ಸಹಿ. ಪೂಜೆಯ ದಿನ ಸರ್ವರಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಊದುಬತ್ತಿ ಹೊಗೆಗೆ ಬೆಂಕಿಯ ಅಲಾರಾಂ ಹೊಡೆದುಕೊಂಡಿತು. ಅದನ್ನೂ ಶುಭಸೂಚನೆ ಅಂದರು.

ಇದಾಗಿ ಮೂರು ವಾರಕ್ಕೆ, ಒಂದು ಬೆಳಿಗ್ಗೆ ಸ್ಟೋರ್‌ಕೀಪರ್ ಶೇಖರಪ್ಪನವರ ಫೋನು ಬಂತು. ಶೇಖರಪ್ಪನವರು ರಾಗಿಗುಡ್ಡದ ಕಡೆಯವರು, ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್. ನಿವೃತ್ತಿಗೆ ಹತ್ತು ತಿಂಗಳಿತ್ತು. ಮೂವತ್ತು ವರ್ಷದಲ್ಲಿ ಅವರ ಸ್ಟೋರಿನಿಂದ ಒಂದು ಬೋಲ್ಟ್ ಕೂಡ ಲೆಕ್ಕ ತಪ್ಪಿ ಹೊರಗೆ ಹೋಗಿರಲಿಲ್ಲ.

"ಗಿರಿಜಮ್ಮ, ಗೇಟಲ್ಲಿ ಒಂದು ಲಾರಿ ಕೆಂಪು ಬಣ್ಣ ಬಂದು ನಿಂತಿದೆ. ಅರವತ್ತು ಡ್ರಮ್ಮು. ಹಿಂದೆ ಇನ್ನೂ ಮೂರು ಲಾರಿ ಬರ್ತಿದಾವಂತೆ. ಅಲ್ಲ ಮಾರಾಯ್ತಿ, ನಾವೇನು ಭದ್ರಾ ಡ್ಯಾಮಿಗೆ ಬಣ್ಣ ಹೊಡಿಯೋ ಕಾಂಟ್ರಾಕ್ಟ್ ಹಿಡಿದಿದೀವಾ?"

"ಇಳಿಸ್ಕೋಬೇಡಿ, ಸಾರಿಗೆ ಹೇಳಿ," ಅಂದೆ.

"ಹೇಳ್ದೆ. ಸಿಸ್ಟಮಲ್ಲಿ ಆರ್ಡರ್ ಇದ್ಯಾ ಅಂದ್ರು. ಇದೆ ಅಂದೆ. ಇದ್ರೆ ಇಳಿಸ್ಕೊಳ್ರೀ, ತಲೆ ತಿನ್ಬೇಡಿ ಅಂದ್ರು."

ಫೋನಿಟ್ಟು ಹೌಸಿಂಗಿನ ಪಟ್ಟಿ ತೆರೆದೆ. ಒಂದು ಹೌಸಿಂಗಿಗೆ ಬಳಿಯುವ ಬಣ್ಣ ಎಂಬತ್ತು ಮಿಲಿ. ಸಿಸ್ಟಮ್ ಕೇಳುವುದು ಲೀಟರಿನಲ್ಲಿ. ಸೊನ್ನೆ ಚುಕ್ಕಿ ಸೊನ್ನೆ ಎಂಟು ಎಂದು ಹಾಕಬೇಕಾದ ಕಡೆ ನಾನು ಎಂಬತ್ತು ಎಂದು ಹಾಕಿದ್ದೆ. ಒಂದು ಪಂಪಿಗೆ ಎಂಬತ್ತು ಲೀಟರ್. ಆರುನೂರು ಹೌಸಿಂಗಿನ ಆರ್ಡರಿಗೆ ಒಂದು ಡ್ರಮ್ಮಿನ ಕಾಲುಭಾಗ ಸಾಕಾಗುವ ಬಣ್ಣವನ್ನು ಇನ್ನೂರ ನಲವತ್ತು ಡ್ರಮ್ ತರಿಸು ಎಂದು ಸಿಸ್ಟಮ್ ಹೇಳಿತ್ತು. ಖರೀದಿಯವರು ಸುತ್ತೋಲೆಗೆ ಹೆದರಿ ಹಾಗೇ ದಾಟಿಸಿದ್ದರು. ಹುಬ್ಬಳ್ಳಿಯ ಬಣ್ಣದ ವ್ಯಾಪಾರಿ ಮೂರು ಡಿಪೋಗಳಿಂದ ಮಾಲು ಒಟ್ಟುಮಾಡಿ, ಮೊದಲ ಲಾರಿಯ ಡ್ರೈವರನ ಕೈಯಲ್ಲಿ ಎರಡು ಡಬ್ಬಿ ಪೇಡಾ ಕೂಡ ಕಳಿಸಿದ್ದ.

ಆ ಕ್ಷಣದಲ್ಲಿ ನಾನು ಮಾಡಬೇಕಾದದ್ದು ಎದ್ದು ಹೋಗಿ ಹೇಳುವುದು. ನಾನು ಮಾಡಿದ್ದು ಎಂಬತ್ತನ್ನು ಅಳಿಸಿ, ಸರಿಯಾದ ಅಂಕಿ ಹಾಕಿ, ಪರದೆ ಮುಚ್ಚಿದ್ದು.

ಸಂಜೆಯೊಳಗೆ ಸುದ್ದಿ ಎಂಡಿಯವರೆಗೆ ಹೋಯಿತು. ಮಾರನೆಯ ದಿನ ಶೇಖರಪ್ಪನವರಿಗೆ ಮೆಮೊ ಬಂತು. ವಿವೇಚನೆ ಇಲ್ಲದೆ ಅಗಾಧ ಪ್ರಮಾಣದ ಸಾಮಗ್ರಿ ಸ್ವೀಕರಿಸಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು, ಮೂರು ದಿನದಲ್ಲಿ ಉತ್ತರ ಕೊಡಿ. ಸಹಿ ನಾಗರಾಜ ರಾವ್. ವಿವೇಚನೆ ಮಾಡಬಾರದು ಎಂದು ಸುತ್ತೋಲೆ ಹೊರಡಿಸಿದ ಸಹಿಯೂ ಅದೇ, ಅಷ್ಟೇ ಅಗಲ. ತಪ್ಪು ಮಾಡಿದವರು ಪ್ಲಾನಿಂಗಿನಲ್ಲಿದ್ದರು, ಆರ್ಡರ್ ಕಳಿಸಿದವರು ಖರೀದಿಯಲ್ಲಿದ್ದರು, ಇಳಿಸಿಕೊಳ್ಳಿ ಎಂದವರು ದೊಡ್ಡ ಕೋಣೆಯಲ್ಲಿದ್ದರು. ಕೈಗೆ ಸಿಕ್ಕವರು ಮಾತ್ರ ಶೇಖರಪ್ಪ.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಆಫೀಸಿನಲ್ಲಿ ಇದ್ದವಳು ನಾನೊಬ್ಬಳೇ ಹೆಂಗಸು. ಹೆಂಗಸರಿಗೆ ಕಂಪ್ಯೂಟರ್ ಕೊಟ್ಟರೆ ಹೀಗೇ ಎಂಬ ಮಾತು ತುದಿನಾಲಿಗೆಯಲ್ಲಿ ಇಟ್ಟುಕೊಂಡವರು ಅಲ್ಲಿ ನಾಲ್ಕಾರು ಜನ ಇದ್ದರು. ಇದು ಕಾರಣ, ನೆಪ ಅಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ನೋಡಿದರೆ ಅದು ನೆಪವೇ.

ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶೇಖರಪ್ಪನವರೇ ನನ್ನ ಟೇಬಲಿನ ಮುಂದೆ ಬಂದು ಕೂತರು. ಕೈಯಲ್ಲಿ ಮೆಮೊ, ಮಡಿಸಿ ಮಡಿಸಿ ಅಂಚು ಹರಿದಿತ್ತು.

"ಇದಕ್ಕೆ ಇಂಗ್ಲಿಷಲ್ಲಿ ಉತ್ತರ ಬೇಕಂತೆ ತಾಯಿ. ನಂಗೆಲ್ಲಿ ಬರುತ್ತೆ? ನಾನು ಹೇಳ್ತಾ ಹೋಗ್ತೀನಿ, ನೀವು ಟೈಪ್ ಮಾಡ್ಕೊಡಿ. ನಿಮ್ಮನ್ನ ಬಿಟ್ರೆ ಇನ್ಯಾರನ್ನ ಕೇಳ್ಲಿ?"

ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಸ್ಟೋರಿಗೆ ಸೇರಿದ್ದು ಯಾವಾಗ, ಇಷ್ಟು ವರ್ಷದಲ್ಲಿ ಒಂದೂ ಮೆಮೊ ಇಲ್ಲ, ಮೇಲಿನವರನ್ನು ಕೇಳಿಯೇ ಇಳಿಸಿಕೊಂಡೆ. ಆಮೇಲೆ ಅವರು, "ಸಿಸ್ಟಮಿನಲ್ಲಿ ಯಾಕೆ ಹಾಗೆ ಬಂತೋ ನನಗೆ ತಿಳಿಯದು ಅಂತ ಬರೀರಿ" ಅಂದರು. ನನ್ನ ಬೆರಳು ಅಲ್ಲಿ ನಿಂತಿತು.

"ನನಗೆ ತಿಳಿದಿದೆ ಶೇಖರಪ್ನೋರೆ," ಅಂದೆ. "ನಾನೇ ತಪ್ಪು ಹಾಕಿದ್ದು."

ಚುಕ್ಕಿಯ ವಿಷಯವನ್ನೆಲ್ಲ ಹೇಳಿದೆ. ಅವರು ಒಂದೇ ಕೇಳಿದರು.

"ಇದು ನಿಮಗೆ ಇವತ್ತು ಗೊತ್ತಾಯ್ತಾ, ಲಾರಿ ಬಂದ ದಿನಾನೇ ಗೊತ್ತಿತ್ತಾ?"

"ಲಾರಿ ಬಂದ ದಿನಾನೇ."

ಅವರು ಮೆಮೊ ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಆಗಲೇ ಕೂತು ಒಂದು ಪುಟದ ಪತ್ರ ಬರೆದು ರಾವ್ ಅವರ ಟೇಬಲಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಪತ್ರವನ್ನು ನನ್ನ ಕಡೆಗೇ ತಳ್ಳಿದರು.

"ಇದನ್ನ ಹರಿದುಹಾಕಿ ಗಿರಿಜಾ. ನಿಮ್ಮ ತಪ್ಪು ಅಂದ್ರೆ ಪ್ರಾಜೆಕ್ಟಿನ ತಪ್ಪು. ಪ್ರಾಜೆಕ್ಟಿನ ತಪ್ಪು ಅಂದ್ರೆ ನನ್ನ ತಪ್ಪು. ನನ್ನ ತಪ್ಪು ಹೇಗ್ರೀ ಆಗುತ್ತೆ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು.

"ಶೇಖರಪ್ನೋರದ್ದು ಏನೂ ತಪ್ಪಿಲ್ಲ ಸಾರ್."

"ಅವರು ಹೇಗಿದ್ರೂ ರಿಟೈರಾಗ್ತಾರೆ. ಸಿಸ್ಟಮ್ ಇರ್ಬೇಕಲ್ಲ?"

ಹೊರಗೆ ಬಂದೆ. ಹತ್ತು ವರ್ಷ ಪ್ಲಾನಿಂಗಿನಲ್ಲಿ ಕೂತು ನಾನು ಕಲಿತ ಒಂದು ವಿದ್ಯೆ ಅವತ್ತು ಕೆಲಸಕ್ಕೆ ಬಂತು. ಕಾರ್ಖಾನೆಯಲ್ಲಿ ಯಾವ ಕಾಗದಕ್ಕೆ ಟಪಾಲಿನ ಮುದ್ರೆ ಬಿದ್ದು ನಂಬರ್ ಹತ್ತುತ್ತದೆಯೋ ಅದು ಮಾತ್ರ ಕಳೆದುಹೋಗುವುದಿಲ್ಲ. ನನ್ನ ಪತ್ರದ ಹಿಂದೆ, ಪ್ರಶ್ನಿಸತಕ್ಕದ್ದಲ್ಲ ಎಂಬ ಸುತ್ತೋಲೆಯ ಪ್ರತಿಯನ್ನು ಪಿನ್ ಹಾಕಿ, ಎಂಡಿ ಹೆಸರಿಗೆ ಬರೆದು, ಟಪಾಲು ವಿಭಾಗದಲ್ಲಿ ಮುದ್ರೆ ಹಾಕಿಸಿದೆ.

ಒಂದು ವಾರದಲ್ಲಿ ಎಲ್ಲ ಇತ್ಯರ್ಥವಾಯಿತು. ಶೇಖರಪ್ಪನವರ ಮೆಮೊ ವಾಪಸಾಯಿತು, ಆದರೆ ಬಾಯಿಮಾತಿನಲ್ಲಿ. ನನಗೆ ಎಚ್ಚರಿಕೆಯ ಪತ್ರ ಬಂತು, ಅದು ಮಾತ್ರ ಲಿಖಿತವಾಗಿ. ಸುತ್ತೋಲೆಯನ್ನು ಯಾರೂ ರದ್ದು ಮಾಡಲಿಲ್ಲ, ಅದು ಇತ್ತು ಎನ್ನುವುದನ್ನೇ ಮರೆತರು. ಸಿಸ್ಟಮನ್ನು ಯಶಸ್ವಿಯಾಗಿ ಅಳವಡಿಸಿದ್ದಕ್ಕೆ ರಾವ್ ಅವರಿಗೆ ಗಾಜಿನ ಫಲಕ ಸಿಕ್ಕಿತು. ಹಿಂದಿದ್ದ ಮೂರು ಲಾರಿಗಳನ್ನು ಮೊದಲ ದಿನವೇ ದಾರಿಯಲ್ಲೇ ತಿರುಗಿಸಿದ್ದರು. ಇಳಿಸಿಕೊಂಡ ಅರವತ್ತು ಡ್ರಮ್ಮನ್ನು ಏನು ಮಾಡುವುದು? ಕಾಂಪೌಂಡು, ಸೈಕಲ್ ಸ್ಟ್ಯಾಂಡು, ಕ್ಯಾಂಟೀನಿನ ಬೆಂಚು, ನೀರಿನ ಟ್ಯಾಂಕು, ಎಲ್ಲಕ್ಕೂ ಬಳಿದರು. ಎರಡು ವರ್ಷ ನಮ್ಮ ಕಾರ್ಖಾನೆ ದೂರದಿಂದ ನೋಡಿದವರಿಗೆ ಫೈರ್ ಸ್ಟೇಷನ್ನಿನ ಹಾಗೆ ಕಾಣುತ್ತಿತ್ತು. ಆ ಬಣ್ಣಕ್ಕೆ ಶಾಪಿನಲ್ಲಿ 'ಗಿರಿಜಾ ಕೆಂಪು' ಎಂದು ಹೆಸರಿಟ್ಟರು. ನನ್ನೆದುರಿಗೂ ಹಾಗೇ ಅನ್ನುತ್ತಿದ್ದರು. ನಾನೂ ಹಾಗೇ ಅನ್ನಲು ಶುರುಮಾಡಿದೆ.

ಶೇಖರಪ್ಪನವರು ಒಂದು ತಿಂಗಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಇನ್ನೇನೂ ಆಡಲಿಲ್ಲ. ನಾನೂ ಕೇಳಲಿಲ್ಲ. ಒಂದು ಶನಿವಾರ ತಾವಾಗಿಯೇ ಬಂದರು.

"ಗಿರಿಜಮ್ಮ, ನಿಮ್ಮ ಸಿಸ್ಟಮ್ ನನ್ನ ಸ್ಟೋರಲ್ಲಿ ಇದೆ ಅಂತ ಹೇಳೋದಕ್ಕೂ ಅಲ್ಲಿ ಇರೋದಕ್ಕೂ ಸಂಬಂಧಾನೇ ಇಲ್ಲ. ನಾನು ಹೋಗೋದ್ರೊಳಗೆ ಒಂದು ಸಲ ಪೂರ್ತಿ ಎಣಿಸಿಬಿಡೋಣ. ನಾನು ಎಣಿಸ್ತೀನಿ, ನೀವು ಬರ್ಕೊಳ್ಳಿ. ಚುಕ್ಕಿ ನೋಡ್ಕೊಂಡು ಬರ್ಕೊಳ್ಳಿ."

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ಎಣಿಸಲು ಕರೆದರು, ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ನಾಲ್ಕು ಶನಿವಾರ ಎಣಿಸಿದೆವು. ಒಂಬತ್ತು ದಿನದ ಅವಸರದಲ್ಲಿ ಸಿಸ್ಟಮಿಗೆ ತುಂಬಿದ್ದು ಆಫೀಸಿನ ಹಳೆಯ ಪಟ್ಟಿ, ಶೇಖರಪ್ಪನವರ ಲೆಕ್ಕದ ಪುಸ್ತಕವಲ್ಲ. ಸಿಸ್ಟಮ್ ಪ್ರಕಾರ ಸ್ಟೋರಿನಲ್ಲಿದ್ದ ಒಂದು ಸಾವಿರ ಬೋಲ್ಟು ಮೂರು ವರ್ಷದ ಹಿಂದೆಯೇ ಖಾಲಿಯಾಗಿತ್ತು. ಇಲ್ಲವೇ ಇಲ್ಲ ಎಂದು ಅದು ಹೇಳುತ್ತಿದ್ದ ಎರಡು ಗೋಣಿ ವಾಷರು ಶೇಖರಪ್ಪನವರ ಕುರ್ಚಿಯ ಹಿಂದೆಯೇ ಇತ್ತು. ಎಣಿಕೆ ಮುಗಿಸಿ ಫೌಂಡ್ರಿಯ ಕಡೆ ಹೋದಾಗ ಮುರುಗೇಶಣ್ಣ ನಮ್ಮನ್ನು ನಿಲ್ಲಿಸಿದರು.

"ಮೇಡಂ, ನೀವು ನಿಮ್ಮ ತಪ್ಪು ಬರೆದು ಕೊಟ್ರಿ. ನಾನೂ ಒಂದು ತೋರಿಸ್ತೀನಿ, ಬನ್ನಿ."

ಹಳೆಯ ಮರಳಿನ ರಾಶಿಯ ಹಿಂದೆ, ತಗಡು ಸರಿಸಿದರೆ, ನೂರ ನಲವತ್ತು ಹೌಸಿಂಗ್! ಒಪ್ಪವಾಗಿ ಒಂದರ ಮೇಲೊಂದು ಜೋಡಿಸಿ, ಮೇಲೆ ಗೋಣಿ ಹೊದಿಸಿದ್ದರು. ಯಾವ ಲೆಕ್ಕದಲ್ಲೂ ಇರಲಿಲ್ಲ.

"ಇದೇನಣ್ಣಾ?"

"ಪ್ಲಾನಿಂಗ್‌ನವರು ಕೈ ಕೊಟ್ರೆ ಮಾನ ಉಳಿಸ್ಕೊಳ್ಳೋಕೆ. ಹತ್ತು ವರ್ಷದಿಂದ ಇಟ್ಟಿದೀನಿ. ಹಳೇದು ಕೊಡ್ತೀನಿ, ಹೊಸದು ಇಡ್ತೀನಿ. ರಾವ್ ಸಾರು ಅರ್ಜೆಂಟ್ ಅಂದಾಗೆಲ್ಲ ನಾನು ಎರಡೇ ದಿನಕ್ಕೆ ಹೇಗೆ ಕೊಡ್ತಿದ್ದೆ ಅಂದ್ಕೊಂಡ್ರಿ?"

ನಾನು ಹತ್ತು ವರ್ಷ ದುಂಡಗೆ ಕಾರ್ಡು ಬರೆದಿದ್ದು ನೆನಪಾಗಿ ನಗು ಬಂತು, ಅಳುವೂ ಬಂತು. ಆ ದಿನವೇ ನೂರ ನಲವತ್ತನ್ನೂ ಸಿಸ್ಟಮಿಗೆ ಸೇರಿಸಿದೆ. ಆಮೇಲೆ ಒಂದು ತಿಂಗಳು ಬೆಳಿಗ್ಗೆ ಒಂದೊಂದು ಗಂಟೆ ಶಾಪಿನಲ್ಲಿ ನಿಂತು, ಯಾವ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮುರುಗೇಶಣ್ಣನ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಬರೆದೆ. ಅರವತ್ತಮೂರು ದಿನ ಇಳಿದು ಹದಿಮೂರಾಯಿತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಸಮಿತಿ ಮಾಡುತ್ತಿದ್ದರು.

ಸಿಸ್ಟಮ್ ನಿಧಾನವಾಗಿ ನಿಜ ಹೇಳಲು ಶುರುಮಾಡಿತು. ಅದರಿಂದ ಹೊಸ ತಾಪತ್ರಯ ಹುಟ್ಟಿತು. ಮರುವರ್ಷ ಬೇಸಿಗೆಯಲ್ಲಿ, ತಿಂಗಳು ತಿಂಗಳೂ ನಮ್ಮಿಂದ ಹೌಸಿಂಗ್ ತರಿಸಿಕೊಳ್ಳುತ್ತಿದ್ದ ಪುಣೆಯ ಒಂದು ಪಂಪ್ ಕಂಪನಿಯ ಖರೀದಿ ಎಂಜಿನಿಯರ್ ಜೋಶಿ ಎಂಬವರು ಬರುವವರಿದ್ದರು. ಅವರಿಗೆ ತಿಂಗಳ ಕೊನೆಯೊಳಗೆ ಐನೂರು ಹೌಸಿಂಗ್ ಕೊಡುತ್ತೇವೆ ಎಂದು ರಾವ್ ಅವರು ಫೋನಿನಲ್ಲಿ ಮಾತು ಕೊಟ್ಟಾಗಿತ್ತು. ಸಿಸ್ಟಮ್ ಹೇಳುತ್ತಿದ್ದದ್ದು: ತಿಂಗಳ ಕೊನೆಗೆ ಮುನ್ನೂರ ನಲವತ್ತು, ಉಳಿದದ್ದು ಮುಂದಿನ ತಿಂಗಳ ಹದಿನೆಂಟಕ್ಕೆ.

"ಎಲ್ಲಾ ಲೀಡ್ ಟೈಮಿಗೂ ಸೊನ್ನೆ ಹಾಕ್ರಿ," ಅಂದರು ರಾವ್. "ಅವರ ಮುಂದೆ ಸ್ಕ್ರೀನ್ ಹಸಿರಾಗಿರ್ಬೇಕು. ಅರ್ಧ ಗಂಟೆ ಸಾಕು. ಅವರು ಹೋದ್ಮೇಲೆ ಮೊದಲಿದ್ದ ಹಾಗೆ ಮಾಡಿ."

"ಸಾರ್, ಸೊನ್ನೆ ಹಾಕಿದ್ರೆ ಸಿಸ್ಟಮ್ ಯಾವುದನ್ನೂ ಕೊನೇ ದಿನದವರೆಗೆ ಶುರುಮಾಡು ಅನ್ನೋದಿಲ್ಲ. ಖರೀದಿ ಆರ್ಡರೆಲ್ಲ ಮುಂದಕ್ಕೆ ಹೋಗುತ್ತೆ. ಆ ಅರ್ಧ ಗಂಟೇಲಿ ಯಾರಾದ್ರೂ ಲಿಸ್ಟ್ ತೆಗೆದ್ರೆ?"

"ಹೇಳಿದಷ್ಟು ಮಾಡ್ರೀ."

ನಾನು ನನ್ನ ಟೇಬಲಿಗೆ ಬಂದು ಕೂತೆ. ಬೆರಳುಗಳನ್ನು ಕೀಲಿಗಳ ಮೇಲಿಟ್ಟೆ. ಒಂದೂ ಒತ್ತಲಿಲ್ಲ.

ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಹಚ್ಚಿದರು. ಗೋಡೆಯ ಮೇಲೆ ಮುನ್ನೂರ ನಲವತ್ತು ಎಂದು ಬಂತು, ಪಕ್ಕದಲ್ಲೇ ಹದಿನೆಂಟನೆಯ ತಾರೀಕು. ರಾವ್ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರ ದನಿ ಮಾತ್ರ ಮೊದಲಿನಂತೆಯೇ ಇತ್ತು.

"ನಮ್ಮ ಮೇಡಂಗೆ ಇನ್ನೂ ಸಿಸ್ಟಮ್ ಅಷ್ಟು ಬರಲ್ಲ. ಐನೂರು ಗ್ಯಾರಂಟಿ."

ಜೋಶಿ ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಗೋಡೆಯನ್ನೂ ರಾವ್ ಅವರನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಹಿಂದಿಯಲ್ಲಿ, "ನಿಮ್ಮ ಫೌಂಡ್ರಿ ಫೋರ್‌ಮನ್ನನ್ನು ಕರೆಸಿ" ಅಂದರು.

ಮುರುಗೇಶಣ್ಣ ಬರುವ ಹೊತ್ತಿಗೆ ಪ್ರೊಜೆಕ್ಟರನ್ನು ಆರಿಸಿ ಎಂದು ಜೋಶಿ ನನಗೆ ಸನ್ನೆ ಮಾಡಿದ್ದರು. ಗೋಡೆ ಖಾಲಿ. ಹೆಲ್ಮೆಟನ್ನು ಕಂಕುಳಲ್ಲಿಟ್ಟುಕೊಂಡು ಮುರುಗೇಶಣ್ಣ ಬಾಗಿಲಲ್ಲೇ ನಿಂತರು.

"ತಿಂಗಳ ಕೊನೆಗೆ ನನ್ನ ಹೌಸಿಂಗ್ ಎಷ್ಟು ಕೊಡ್ತೀರಿ?"

ಮುರುಗೇಶಣ್ಣ ರಾವ್ ಅವರ ಕಡೆ ನೋಡಿದರು. ರಾವ್ ಅವರು ಕೈಯ ಐದೂ ಬೆರಳನ್ನು ಟೇಬಲಿನ ಮೇಲೆ ಚೆನ್ನಾಗಿ ಹರಡಿಟ್ಟಿದ್ದರು. ಮುರುಗೇಶಣ್ಣ ಜೇಬಿನಿಂದ ನೋಟ್‌ಬುಕ್ ತೆಗೆದು, ಹೆಬ್ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು.

"ಮುನ್ನೂರ ನಲವತ್ತು ಸಾರ್. ಬಾಕಿದು ಹದಿನೆಂಟು, ಇಲ್ಲಾಂದ್ರೆ ಹತ್ತೊಂಬತ್ತು."

ಜೋಶಿ ಮೀಸೆಯ ಅಡಿಯಲ್ಲಿ ನಕ್ಕರು.

"ನನಗೆ ಬೇಕಿರೋದು ಮುನ್ನೂರೇ. ನಮ್ಮಲ್ಲಿ ತಿಂಗಳಿಗೆ ಅಷ್ಟೇ ಪಂಪು ಜೋಡಿಸೋದು. ಐನೂರು ಕೇಳಿದ್ರೆ ನೀವು ಹೂಂ ಅಂತೀರಿ, ಕೊನೆಗೆ ಮುನ್ನೂರರ ಹತ್ತಿರ ಕಳಿಸ್ತೀರಿ. ಅದಕ್ಕೇ ನಾಲ್ಕು ವರ್ಷದಿಂದ ಐನೂರು ಕೇಳ್ತಿದೀನಿ."

ಅಂದರೆ ನಾಲ್ಕು ವರ್ಷ ನಾವು ಯಾರಿಗೂ ಬೇಡದ ಐನೂರರ ಹಿಂದೆ ಬಿದ್ದು, ಚೀಟಿಯ ಮೇಲೆ ಚೀಟಿ ಅಂಟಿಸಿ, ಭಾನುವಾರಗಳನ್ನೂ ಕಳೆದುಕೊಂಡು ಓಡಿದ್ದೆವು. ಅವರು ಸುಳ್ಳು ಕೇಳುತ್ತಿದ್ದರು, ನಾವು ಸುಳ್ಳು ಒಪ್ಪುತ್ತಿದ್ದೆವು, ಎರಡೂ ಕಡೆ ಅದಕ್ಕೆ ಪ್ಲಾನಿಂಗ್ ಎಂದು ಬೋರ್ಡ್ ಹಾಕಿಕೊಂಡಿದ್ದೆವು.

ರಾವ್ ಅವರು ಮೂರು ವಾರ ನನ್ನನ್ನು ಮಾತಾಡಿಸಲಿಲ್ಲ. ನನ್ನನ್ನು ಕ್ಯಾಂಟೀನ್ ಕೂಪನ್ ವಿಭಾಗಕ್ಕೆ ಹಾಕುವ ಟಿಪ್ಪಣಿಯನ್ನೂ ತಯಾರು ಮಾಡಿದ್ದರಂತೆ. ಅಷ್ಟರಲ್ಲಿ ಜೋಶಿಯವರಿಂದ ಎಂಡಿಗೆ ಒಂದು ಪತ್ರ ಬಂತು, ನಿಮ್ಮ ವ್ಯವಸ್ಥೆಯ ಪಾರದರ್ಶಕತೆ ಮೆಚ್ಚುವಂಥದ್ದು ಎಂದು. ರಾವ್ ಅವರು ಟಿಪ್ಪಣಿಯನ್ನು ಹರಿದು, ಪಾರದರ್ಶಕತೆಯ ಮೇಲೆ ಭಾಷಣ ಸಿದ್ಧಪಡಿಸಲು ಕೂತರು. ಅದನ್ನು ಟೈಪ್ ಮಾಡಿದವಳೂ ನಾನೇ.

ಆ ತಿಂಗಳ ಆರ್ಡರು ಮಾತ್ರ ಐನೂರೆಂದೇ ಉಳಿದಿತ್ತು, ಕೊನೆಗೆ ಮುನ್ನೂರ ನಲವತ್ತು ಕೊಡುತ್ತೇವೆ ಎಂದು ಹೇಳಿಯಾಗಿತ್ತು. ತಿಂಗಳು ಮುಗಿಯಲು ಎರಡು ದಿನ ಇದ್ದಾಗ ಎಣಿಸಿದರೆ ಮುನ್ನೂರ ಮೂವತ್ತೆಂಟೇ ಇತ್ತು. ಎರಡರಲ್ಲಿ ಬಿರುಕು ಕಂಡಿತ್ತು. ಎರಡು ತಾನೇ, ಯಾರು ಕೇಳುತ್ತಾರೆ ಅಂದರು ಡಿಸ್‌ಪ್ಯಾಚಿನವರು. ನಾನು ಪುಣೆಗೆ ಫೋನ್ ಹಚ್ಚಿ, ನನ್ನ ಹರುಕು ಹಿಂದಿಯಲ್ಲಿ, ಎರಡು ಕಡಿಮೆ ಬರುತ್ತದೆ, ಹದಿನೆಂಟರ ಲಾರಿಯಲ್ಲಿ ಸೇರಿಸಿ ಕಳಿಸುತ್ತೇವೆ ಎಂದು ಹೇಳಿದೆ.

"ನಾನು ಕೇಳೋ ಮುಂಚೆ ಫೋನ್ ಮಾಡ್ತಿದೀರಾ?" ಅಂದರು ಜೋಶಿ.

"ಹೌದು ಸಾರ್."

ಅವರು ಫೋನ್ ಇಟ್ಟರು. ಮುಂದಿನ ತಿಂಗಳ ಆರ್ಡರ್ ಫ್ಯಾಕ್ಸಿನಲ್ಲಿ ಬಂದಾಗ ನಾನು ಮೊದಲು ನೋಡಿದ್ದು ಅಂಕಿಯನ್ನು. ಹಾಳೆಯನ್ನು ಹಿಡಿದುಕೊಂಡು ಮೆಟ್ಟಿಲಿಳಿದು, ಶಾಪಿನುದ್ದಕ್ಕೂ ನಡೆದು ಹೋಗಿ ಮುರುಗೇಶಣ್ಣನಿಗೆ ತೋರಿಸಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು.

ಮುನ್ನೂರು ಎಂದಿತ್ತು.